ಕವರಿನ ಮೇಲಣ ಮರ್ಯಾದೆ

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ತಮ್ಮನ ಮಗ ಮಹೇಶ ಒಂದು ಹಾಳೆಯನ್ನು ತಂದು ನನ್ನ ಕಾಫಿ ಲೋಟದ ಪಕ್ಕ ಹರಡಿದ. ಹಾಳೆಯ ತುಂಬ ಅಂಟಿಸುವ ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದೊಂದು ಹೆಸರು, ಅದರ ಕೆಳಗೆ ಊರು. ಮೊದಲನೆಯದನ್ನೇ ಓದಿದೆ. ‘ಶಿವಣ್ಣ, ಅರಳಗುಪ್ಪೆ.’ ಅಷ್ಟೇ. ಹೆಸರಿಗೆ ಹಿಂದಿಲ್ಲ, ಮುಂದಿಲ್ಲ. ಸ್ನಾನದ ಮನೆಯಿಂದ ಯಾರೋ ಕೂಗಿದರೆಂದು ಹಾಗೇ ಬೀದಿಗೆ ಬಂದುಬಿಟ್ಟವರಂತೆ ಶಿವಣ್ಣನವರು ನಿಂತಿದ್ದರು. ಊರಿನ ಹೆಸರೊಂದನ್ನು ಟವಲಿನ ಹಾಗೆ ಸುತ್ತಿಕೊಂಡಿದ್ದರು.

“ಏನೋ ಇದು?”

“ಅಡ್ರೆಸ್ ಸ್ಟಿಕ್ಕರ್ ದೊಡ್ಡಪ್ಪ. ರಶ್ಮಿ ಲಗ್ನಪತ್ರಿಕೆ ಕವರ್‌ಗೆ. ನಿಮ್ಗೆ ಬರೆಯೋ ತೊಂದ್ರೇನೇ ಬ್ಯಾಡ ಅಂತ ಕಂಪ್ಯೂಟರ್‌ನಾಗೆ ಹೊಡ್ಸಿಬುಟ್ಟೆ.”

“ಶಿವಣ್ಣನವರ ವಯಸ್ಸೆಷ್ಟು ಗೊತ್ತೇನೋ?”

“ಎಂಬತ್ತಾ?”

“ಎಂಬತ್ತೆರಡು. ಎಂಬತ್ತೆರಡು ವರ್ಷ ಬಾಳಿದ ಮನುಷ್ಯನಿಗೆ ಒಂದು ‘ಶ್ರೀ’ ಹಾಕೋಕೆ ನಿನ್ನ ಕಂಪ್ಯೂಟರಿಗೆ ಏನು ಬಂದಿತ್ತು?”

“ಶ್ರೀ ಹಾಕಿದ್ರೆ ಹೆಸ್ರು ಎರಡನೇ ಸಾಲಿಗೆ ಹೋಯ್ತದೆ ದೊಡ್ಡಪ್ಪ. ಚೀಟಿ ಸಾಲಕಿಲ್ಲ.”

ಚೀಟಿ ಸಾಲುವುದಿಲ್ಲ! ನಮ್ಮ ಕಾಲದ ಮೇಲೆ ಈ ಕಾಲ ಕೊಟ್ಟ ತೀರ್ಪು ಇಷ್ಟು ಚಿಕ್ಕದಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ನನ್ನ ಪರಿಚಯ ಹೇಳದೆ ಮುಂದುವರಿದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ನಾನು ರುದ್ರಪ್ಪ, ನೋಂದಣಿ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಮೂವತ್ತೆಂಟು ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದವನು. ಅಣ್ಣತಮ್ಮಂದಿರು ಕತ್ತಿನ ಪಟ್ಟಿ ಹಿಡಿದುಕೊಂಡೇ ಬಂದು ನನ್ನ ಮುಂದೆ ಕೂತರೂ, ಕಾಗದದ ಮೇಲೆ ನಾನು ಅವರನ್ನು ‘ರವರು’ ಇಲ್ಲದೆ ಬಿಟ್ಟವನಲ್ಲ. ಒಂದು ಸಲ ಒಬ್ಬಾತ, “ಅವ್ನಿಗ್ಯಾಕೆ ಸ್ವಾಮಿ ‘ರವರು’, ನನ್ ಹೊಲದ ಬದು ಒತ್ತಿದೋನಿಗೆ?” ಎಂದು ಎದ್ದು ನಿಂತಿದ್ದ. ಬದು ಒತ್ತಿದ್ದು ಬೇರೆ, ‘ರವರು’ ಬೇರೆ ಎಂದು ಅವನಿಗೆ ಸಮಾಧಾನ ಹೇಳಿ ಕೂರಿಸುವಷ್ಟರಲ್ಲಿ ಕಚೇರಿಯ ಬಾಗಿಲು ಹಾಕಿತ್ತು.

ಈ ಕಾಯಿಲೆ ನನಗೆ ಅಂಟಿದ್ದು ಹುಡುಗನಾಗಿದ್ದಾಗಲೇ. ನಮ್ಮಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ಕಾಗದ ಹೇಗೆ ಶುರುವಾಗಬೇಕೆಂಬುದು ಬಾಯಿಪಾಠವಾಗಿತ್ತು. ಒಂದು ಪೋಸ್ಟ್ ಕಾರ್ಡು ಕೊಟ್ಟು, ಜಗುಲಿಯ ಮೇಲೆ ಕೂರಿಸಿಕೊಂಡು, ಚಿಕ್ಕನಾಯಕನಹಳ್ಳಿಯಲ್ಲಿದ್ದ ನಮ್ಮ ಸೋದರಮಾವನಿಗೆ ಹೇಳಿ ಬರೆಸುತ್ತಿದ್ದರು. ‘ಶ್ರೀಮತ್ ಸಕಲಗುಣ ಸಂಪನ್ನರಾದ, ಮಹಾರಾಜಶ್ರೀ’ ಎಂದು ಶುರುವಾದರೆ ಮಾವನ ಹೆಸರು ಬರುವ ಹೊತ್ತಿಗೆ ಮೂರು ಸಾಲು. ‘ಇವರ ಸನ್ನಿಧಾನಕ್ಕೆ’ ಒಂದು ಸಾಲು. ನಮಸ್ಕಾರಕ್ಕೆ ಎರಡು, ಅತ್ತೆಗೆ ಬೇರೆ, ಅಜ್ಜಿಗೆ ಬೇರೆ, ಮಕ್ಕಳಿಗೆ ಆಶೀರ್ವಾದ ಬೇರೆ. ‘ಅದಾಗಿ ಇತ್ತ ಎಲ್ಲರೂ ಕ್ಷೇಮ’ ಎನ್ನುವಾಗ ಕಾರ್ಡಿನಲ್ಲಿ ಉಳಿಯುತ್ತಿದ್ದದ್ದು ಬೆರಳಗಲ ಜಾಗ. ಒಮ್ಮೆ ಆ ಬೆರಳಗಲದಲ್ಲಿ ನಮ್ಮ ಹಸು ಕರು ಹಾಕಿದ ವಿಷಯ, ಮಾವ ಕೇಳಿದ್ದ ತೆಂಗಿನ ಸಸಿ ಸಿದ್ಧವಾಗಿರುವ ವಿಷಯ, ನನ್ನ ತಂಗಿಯ ಕಿವಿ ಚುಚ್ಚುವ ವಿಷಯ ಮೂರೂ ಹಿಡಿಯಬೇಕಾಗಿತ್ತು. ಹಿಡಿಯಲಿಲ್ಲ. ಅಪ್ಪ ಒಂದು ಗಳಿಗೆ ಯೋಚಿಸಿ, “ಉಳಿದದ್ದು ಮುಖತಃ ಅಂತ ಬರಿ” ಎಂದರು. ಮೂರನೆಯ ದಿನ ಮಾವ ಬೆವರು ಸುರಿಸುತ್ತ ಓಡಿ ಬಂದರು. ಕಾಗದದಲ್ಲಿ ಬರೆಯಲಾರದಂಥದ್ದು ಏನಾಯಿತೋ ಎಂದು ದಾರಿಯುದ್ದಕ್ಕೂ ಹೆದರಿದ್ದರಂತೆ. ಕರು ನೋಡಿ, ಬೈದು, ಉಂಡು, ಸಸಿ ತೆಗೆದುಕೊಂಡು ಹೋದರು. ಹೋಗುವಾಗಲೂ ‘ಮಹಾರಾಜಶ್ರೀ’ ಬಿಡಬೇಕೆಂದು ಅವರಾಗಲಿ ಅಪ್ಪನಾಗಲಿ ಸೂಚಿಸಲಿಲ್ಲ. ವಿಷಯ ಬಿಟ್ಟರೂ ನಡೆಯುತ್ತಿತ್ತು.

ಆಗೆಲ್ಲ ನಮ್ಮೂರಿನಲ್ಲಿ ಹೆಸರು ಹಿಡಿದು ಯಾರನ್ನೂ ಕರೆಯುತ್ತಿರಲಿಲ್ಲ. ಪಟೇಲರು, ಶಾನುಭೋಗರು, ಮೇಷ್ಟ್ರು, ಅಯ್ನೋರು. ನಮ್ಮ ಮೇಷ್ಟ್ರ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎತ್ತಿಗೆ ಕೂಡ ಬಸಪ್ಪ ಎನ್ನುತ್ತಿದ್ದರು; ಬಾರುಕೋಲಿನಿಂದ ಹೊಡೆಯುವಾಗಲೂ ಅಪ್ಪ ಅದರ ಹೆಸರಿನ ‘ಅಪ್ಪ’ವನ್ನು ಬಿಡುತ್ತಿರಲಿಲ್ಲ.

ಈಗ ನನಗೆ ಎಪ್ಪತ್ತೊಂದು. ತರಕಾರಿ ಅಂಗಡಿಯವನಿಗೆ ನಾನು ‘ಅಂಕಲ್’. ತೆಂಗಿನಕಾಯಿ ಕೀಳುವ ಹುಡುಗನಿಗೆ ‘ಬಾಸ್’. ಅವನು ಮರದ ತುದಿಯಲ್ಲಿರುತ್ತಾನೆ, ನಾನು ಬುಡದಲ್ಲಿರುತ್ತೇನೆ, ಯಾರು ಬಾಸ್ ಎಂಬುದು ಎಳನೀರು ಯಾರ ಕಡೆ ಬೀಳುತ್ತದೆ ಎಂಬುದರಿಂದ ತಿಳಿಯುತ್ತದೆ. ಮೊಬೈಲ್ ರಿಪೇರಿಯವನಿಗೆ ‘ಬ್ರೋ’. ಬ್ಯಾಂಕಿನಿಂದ ಫೋನ್ ಮಾಡುವ ಹುಡುಗಿಗೆ ಮಾತ್ರ ನಾನು ಬರೀ ‘ರುದ್ರಪ್ಪ’. ನನ್ನ ಅಜ್ಜಿ ಸತ್ತ ಮೇಲೆ ಅಷ್ಟು ಸಲಿಗೆಯಿಂದ ಯಾರೂ ನನ್ನನ್ನು ಕರೆದಿರಲಿಲ್ಲವಾಗಿ ಮೊದಲ ಸಲ ಕಣ್ಣು ತೇವವಾಯಿತು. ಇನ್ನು ‘ಸರ್’ ಎಂಬುದೊಂದಿದೆ. ನಮ್ಮ ಕಡೆ ಸಾರಿಗೆ ಕಾಯಿ ಹಾಕಿದ ಹಾಗೆ ಅದು. ಹಾಕಿದ್ದಾರೆಂದು ಯಾರ ಗಮನಕ್ಕೂ ಬರುವುದಿಲ್ಲ, ಹಾಕದಿದ್ದರೆ ಮಾತ್ರ ತಟ್ಟೆಯಿಂದ ತಲೆ ಎತ್ತುತ್ತಾರೆ.

ಇರಲಿ. ಮಹೇಶನ ಹಾಳೆಯ ವಿಷಯಕ್ಕೆ ಬರೋಣ. ಉಭಯ ಪಕ್ಷಗಳ ನಡುವೆ ಕೊನೆಗೆ ರಾಜಿಯಾಯಿತು. ಅವನ ಮತ್ತು ರಶ್ಮಿಯ ಸ್ನೇಹಿತರಿಗೆ ಚೀಟಿ. ಅರವತ್ತು ದಾಟಿದ ನೆಂಟರಿಗೆಲ್ಲ ನನ್ನ ಕೈಬರಹ, ಪೂರ್ಣ ಮರ್ಯಾದೆಗಳೊಂದಿಗೆ. ರಶ್ಮಿ ಮಹೇಶನ ತಂಗಿ, ಮದುವಣಗಿತ್ತಿ. ಅವಳು ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಒಂದೇ ಮಾತು ಹೇಳಿದಳು.

“ದೊಡ್ಡಪ್ಪ, ಯಾರು ಬುಟ್ರೂ ಪರ್ವಾಗಿಲ್ಲ. ನೊಣವಿನಕೆರೆ ಅತ್ತೆ ಬರ್ಬೇಕು. ಅವ್ರು ಬರೋ ಹಂಗೆ ಬರೀರಿ.”

ಇದರ ಹಿಂದೆ ಸ್ವಲ್ಪ ಕಥೆಯಿದೆ. ನೊಣವಿನಕೆರೆಯ ಅತ್ತೆ ಎಂದರೆ ನನ್ನ ಅಕ್ಕ ಗಿರಿಜಮ್ಮ. ರಶ್ಮಿ ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿ. ಜಡೆ ಹಾಕಿ, ಬುತ್ತಿ ಕಟ್ಟಿ, ಲೆಕ್ಕದಲ್ಲಿ ಫೇಲಾದಾಗ ಅವಳಪ್ಪನಿಗೆ ಹೇಳದೆ ಮುಚ್ಚಿಟ್ಟು ಸಾಕಿದವಳು ಅಕ್ಕ. ಭಾವ ಮರುಳಪ್ಪನವರು ಕೊಬ್ಬರಿ ವ್ಯಾಪಾರಸ್ಥರು, ಸುತ್ತಲಿಗೆಲ್ಲ ಸಾವ್ಕಾರ್ರು. ಒಂದೂವರೆ ವರ್ಷದ ಹಿಂದೆ ತೀರಿಕೊಂಡರು. ಅದಾದ ಮೇಲೆ ಅಕ್ಕ ಒಂದೇ ಒಂದು ಮದುವೆಗೆ ಹೋದಳು. ಅಲ್ಲಿ ಹೆಂಗಸರ ಸಾಲಿನಲ್ಲಿ ಕುಂಕುಮದ ಭರಣಿ ಒಬ್ಬೊಬ್ಬರ ಹಣೆ ಮುಟ್ಟುತ್ತ ಬಂದು, ಅಕ್ಕನ ಹತ್ತಿರ ಬಂದಾಗ ಏನೋ ಮರೆತವರ ಹಾಗೆ ಆಚೆಯವರ ಕಡೆಗೆ ದಾಟಿಹೋಯಿತು. ಅಕ್ಕ ಊಟ ಮಾಡಿ, ಎಲೆ ಮಡಚಿ, ಬಸ್ಸು ಹತ್ತಿದಳು. ಆಮೇಲೆ ಬಂದ ಲಗ್ನಪತ್ರಿಕೆಗಳಿಗೆಲ್ಲ ಅವಳದು ಒಂದೇ ಉತ್ತರ: ಮಂಡಿ ನೋವು.

ರಶ್ಮಿಗೆ ಈ ಮಂಡಿ ನೋವಿನ ಸಂಗತಿ ಗೊತ್ತಿತ್ತು. ಅವಳು ಕೇಳಿದ್ದು ಅದಕ್ಕೇ.

“ನನ್ನ ಕೈಗೆ ಬಿಡು ಮಗಳೇ” ಎಂದೆ. ಮೂವತ್ತೆಂಟು ವರ್ಷ ಬರೆದ ಕೈ.

ಅವತ್ತು ಮಧ್ಯಾಹ್ನ ಬರೆಯಲು ಕೂತೆ. ನನ್ನ ಹೆಂಡತಿ ಶಿವಮ್ಮ ಕವರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಆರಲು ಹರಡುವುದು, ನಾನು ಆರಿದ್ದನ್ನು ಎತ್ತಿಕೊಂಡು ಬರೆಯುವುದು. ಎಷ್ಟೋ ವರ್ಷಗಳ ಮೇಲೆ ಮಸಿ ತುಂಬಿಸಿದ ಪೆನ್ನು. ಬಂಧುಗಳು ಒಬ್ಬೊಬ್ಬರಾಗಿ ಪೇಟ ಸುತ್ತಿಕೊಂಡು ನನ್ನ ಮುಂದೆ ಹಾದುಹೋದಂತೆ ಅನ್ನಿಸಿತು. ಅರಳಗುಪ್ಪೆಯ ಶಿವಣ್ಣನವರಿಗೆ ಎರಡು ಸಾಲು ಹೆಚ್ಚಾಗಿಯೇ ತೊಡಿಸಿದೆ, ಬೆಳಗಿನ ಅವಮಾನಕ್ಕೆ ಪರಿಹಾರವಾಗಿ. ಮಾರನೆಯ ಬೆಳಿಗ್ಗೆ ಮಹೇಶ ಕಟ್ಟನ್ನು ಬೈಕಿನ ಚೀಲಕ್ಕೆ ಹಾಕಿಕೊಂಡು ನೊಣವಿನಕೆರೆಯ ಕಡೆ ಹೊರಟ.

ಮಧ್ಯಾಹ್ನ ಊಟಕ್ಕೆ ಕೂತಾಗ ಶಿವಮ್ಮ ಸಾರು ಬಡಿಸುತ್ತ ಕೇಳಿದಳು.

“ರೀ, ಗಿರಿಜಕ್ಕನ ಕವರ್ ಮ್ಯಾಲೆ ಏನಂತ ಬರುದ್ರಿ?”

“ಯಾವಾಗ್ಲೂ ಬರೆಯೋದು.”

“ಯಾವಾಗ್ಲೂ ಬರೆಯೋದು ಅಂದ್ರೆ?”

ಹೇಳಲು ಬಾಯಿ ತೆರೆದೆ. ಮುದ್ದೆಯ ತುತ್ತು ಕೈಯಲ್ಲೇ ನಿಂತಿತು. ನನ್ನ ಕೈಗೆ ನನಗಿಂತ ಜ್ಞಾಪಕಶಕ್ತಿ ಹೆಚ್ಚು. ಅದಕ್ಕೆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದು ನಲವತ್ತು ವರ್ಷದಿಂದ ಬರೆದದ್ದನ್ನೇ ಬರೆದಿತ್ತು: ‘ಶ್ರೀಮತ್ ಸಕಲಗುಣ ಸಂಪನ್ನರಾದ, ಮಹಾರಾಜಶ್ರೀ, ಸಾವುಕಾರ್ ಮರುಳಪ್ಪನವರು ಮತ್ತು ಕುಟುಂಬದವರಿಗೆ.’

“ಅಯ್ಯೋ ಶಿವನೇ” ಎಂದಳು ಶಿವಮ್ಮ. “ಇಲ್ದೋರ್ನ ಮದ್ವೆಗೆ ಕರುದ್ಬುಟ್ರಲ್ರೀ! ಎಲ್ಲಾ ಗೊತ್ತಿರೋ ಹಂಗೆ ಕುಂತು ಬರೀತಿದ್ರಿ.”

ಮಹೇಶನಿಗೆ ಫೋನ್ ಮಾಡಿದೆ. ಅತ್ತೆ ತೋಟಕ್ಕೆ ಹೋಗಿದ್ದರೆಂದೂ, ಕವರನ್ನು ಜಗುಲಿಯ ಕಿಟಕಿಯಲ್ಲಿಟ್ಟು ಬಂದೆನೆಂದೂ ಹೇಳಿದ. “ಯಾಕ್ ದೊಡ್ಡಪ್ಪ, ಸ್ಪೆಲ್ಲಿಂಗ್ ಮಿಸ್ಟೇಕಾ?” ಎಂದ. ಫೋನ್ ಇಟ್ಟೆ. ಅವನ ಚೀಟಿಯ ಹಾಳೆಯನ್ನು ತೆಗೆದು ನೋಡಿದೆ. ಮೂರನೆಯ ಸಾಲಿನಲ್ಲಿ, ಅಚ್ಚಾಗಿ, ತಪ್ಪಿಲ್ಲದೆ ಇತ್ತು: ‘ಗಿರಿಜಮ್ಮ, ನೊಣವಿನಕೆರೆ.’

ಮರುದಿನ ಒಂಬತ್ತರ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಖಾಲಿ ಕವರು, ಪೆನ್ನು. ಕಿಟಕಿಯಾಚೆ ತೋಟದ ಮೇಲೆ ತೋಟ ಹಿಂದೆ ಸರಿಯುತ್ತಿದ್ದರೆ ನಾನು ಒಳಗೇ ಕರಡು ಮಾಡುತ್ತಿದ್ದೆ. ಆಗ ಹೊಳೆದದ್ದು, ನಾನು ಅಕ್ಕನ ಹೆಸರನ್ನು ಯಾವ ಕವರಿನ ಮೇಲೂ ಈವರೆಗೆ ಬರೆದೇ ಇಲ್ಲ. ನಲವತ್ತು ವರ್ಷ ಅವಳು ‘ಮತ್ತು ಕುಟುಂಬದವರು’ ಎಂಬಲ್ಲಿ ಇದ್ದಳು. ಕ್ರಯಪತ್ರ, ದಾನಪತ್ರಗಳಲ್ಲಿ ಹೆಂಗಸರ ಹೆಸರು ಬರೆದಿದ್ದೇನೆ, ಇಲ್ಲವೆನ್ನಲಾರೆ. ಆದರೆ ಅಲ್ಲಿ ಗಂಡಸಿಗೆ ‘ಬಿನ್’ ಎಂದು ಅಪ್ಪನ ಹೆಸರು ಕಟ್ಟಿದರೆ, ಹೆಂಗಸಿಗೆ ‘ಕೋಂ’ ಎಂದು ಗಂಡನ ಹೆಸರು ಕಟ್ಟುತ್ತೇವೆ. ಬಿಡಿಯಾಗಿ ನಿಂತ ಹೆಂಗಸಿಗೆ ಒಂದು ಸಾಲಿನ ಮರ್ಯಾದೆ ನನ್ನಲ್ಲಿ ತಯಾರಿರಲಿಲ್ಲ. ಇದ್ದದ್ದೊಂದು, ಹಳೆಯ ಕಾಗದಗಳಲ್ಲಿ ಗಂಡನಿಲ್ಲದವರಿಗೆ ಬರೆಯುತ್ತಿದ್ದ ‘ಗಂಗಾಭಾಗೀರಥೀ ಸಮಾನರಾದ.’ ಕೇಳಲು ಎಷ್ಟು ಪವಿತ್ರ! ಆದರೆ ಆ ಮದುವೆಮನೆಯ ಕುಂಕುಮದ ಭರಣಿ ದಾಟಿಹೋದ ರೀತಿಗೂ ಇದಕ್ಕೂ ವ್ಯತ್ಯಾಸವೇನೆಂದು ಬಸ್ಸು ನಿಲ್ಲುವವರೆಗೆ ಯೋಚಿಸಿದರೂ ನನಗೆ ಸಿಗಲಿಲ್ಲ.

ಅಕ್ಕನ ಮನೆಯ ಹಿಂದಿನ ಅಂಗಳದಲ್ಲಿ ಕೊಬ್ಬರಿಯಾಗಲೆಂದು ಒಣಗಿಸಿ ಅಟ್ಟದಿಂದ ಇಳಿಸಿದ ಕಾಯಿಯ ರಾಶಿ. ನಾಲ್ಕೈದು ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ಗಿಟುಕು ಬಿಡಿಸುತ್ತ ಕೂತಿದ್ದರು. ಅವರಲ್ಲೊಬ್ಬಳು ಕೂಗಿದಳು.

“ಅಮ್ಮಾರೇ, ನಿಮ್ ತಮ್ಮಾರು ಬಂದವ್ರೆ!”

ಅಕ್ಕ ಒಂದು ಗಿಟುಕನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುತ್ತಿದ್ದಳು. ಅದನ್ನು ಬುಟ್ಟಿಗೆ ಹಾಕಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಎಪ್ಪತ್ತಾರು ವರ್ಷ; ಮಂಡಿಯಲ್ಲಿ ನೋವಿನ ಸುಳಿವು ನನಗಂತೂ ಕಾಣಲಿಲ್ಲ.

“ಬಾರ್ಲಾ ರುದ್ರ. ಬಿಸ್ಲಾಗೆ ಬಂದಿದೀಯ. ಮಜ್ಜಿಗೆ ಕುಡೀತೀಯಾ?”

ನನ್ನ ಕಣ್ಣು ಕಿಟಕಿಯ ಕಡೆ ಹೋಯಿತು. ಕವರು ಅಲ್ಲೇ ಇತ್ತು. ಅಂಟು ಬಿಚ್ಚಿರಲಿಲ್ಲ.

“ಓದ್ಲಿಲ್ವಾ ಅಕ್ಕ?”

“ನಂಗೆ ಬಂದಿಲ್ವಲ್ಲಪ್ಪ. ಅವ್ರಿಗೆ ಬಂದೈತೆ. ಇನ್ನೊಬ್ರ ಕಾಗ್ದ ನಾನ್ಯಾಕೆ ಒಡೀಲಿ?” ಎಂದು ಮಜ್ಜಿಗೆಯ ಲೋಟ ಮುಂದಿಟ್ಟಳು. “ಅವ್ರೇ ಬಂದು ಓದ್ಕಂಡು, ಬತ್ತರೋ ಇಲ್ವೋ ಹೇಳ್ತಾರೆ. ಕಾಯ್ತಾ ಇರು.”

ನಗುತ್ತಿದ್ದಾಳೋ ಅಳುತ್ತಿದ್ದಾಳೋ ನೋಡಲು ಧೈರ್ಯವಾಗಲಿಲ್ಲ. ಲೋಟದೊಳಗೆ ನೋಡುತ್ತ ಹೇಳಿದೆ.

“ತಪ್ಪಾಯ್ತಕ್ಕ. ಕೈ ಅದರಷ್ಟಕ್ಕೆ ಬರೆದುಬಿಡ್ತು.”

“ಬುಡು. ನಿನ್ನೆ ನೋಡಿದ ತಕ್ಷಣ ಎದೆ ಝಲ್ ಅಂತು. ಆಮ್ಯಾಕೆ ಕಿಟ್ಕೀಲೇ ಇಟ್ಟು ಸಂಜೆಗಂಟ ಓಡಾಡ್ತಾ ಓದ್ದೆ, ಮ್ಯಾಗಿಂದು ಮಾತ್ರ.” ಕಿಟಕಿಯ ಕಡೆ ತಿರುಗಿದಳು. “ಸಕಲಗುಣ ಅಂದ್ರೆ ಏನ್ಲಾ?”

“ಎಲ್ಲಾ ಒಳ್ಳೆ ಗುಣ.”

“ಎಲ್ಲಾನೂವಾ? ಸಾರಿಗೆ ಉಪ್ಪು ಕಮ್ಮಿಯಾದ್ರೆ ತಟ್ಟೆ ತಳ್ತಿದ್ರಲ್ಲ, ಅದೂ ಸೇರ್ಕಂಡಿತ್ತಾ?”

“ಮರ್ಯಾದೆಗೆ ಬರೆಯೋದು ಅಕ್ಕ. ಲೆಕ್ಕ ಹಾಕಿ ಬರೆಯೋದಲ್ಲ.”

“ಹಂಗಾದ್ರೆ ಸರಿ” ಎಂದಳು.

ಖಾಲಿ ಕವರನ್ನು ತೆಗೆದೆ. “ಈಗ ನಿನ್ನ ಹೆಸರಿಗೇ ಬರೀತೀನಿ. ಏನಂತ ಬರೀಲಿ ಹೇಳು. ರಶ್ಮಿ ನೀನು ಬರಲೇಬೇಕು ಅಂತ ಕೂತಿದಾಳೆ. ಬರೀ ‘ಅಕ್ಕನಿಗೆ’ ಅಂತ ಹಾಕ್ಲಾ? ಇಲ್ಲ ‘ಶ್ರೀಮತಿ’? ಹಳೆ ಕಾಲದಲ್ಲಿ ಗಂಗಾಭಾಗೀರಥಿ ಅಂತ...”

“ಗಂಗೆ ಭಾಗೀರಥಿ ಎಲ್ಲಾ ನಂಗ್ಯಾಕ್ಲಾ? ತೋಟದ ಬೋರ್‌ನಾಗೇ ನೀರಿಲ್ಲ.” ಅಂಗಳದ ಹೆಂಗಸರು ಕಿಸಕ್ಕನೆ ನಕ್ಕರು. ಅಕ್ಕ ನಗಲಿಲ್ಲ. ಕಿಟಕಿಯಿಂದ ಹಳೆಯ ಕವರನ್ನು ತಂದು ನನ್ನ ಮುಂದೆ ಚಾಪೆಯ ಮೇಲಿಟ್ಟಳು. ಬೆರಳನ್ನು ಮೊದಲ ಸಾಲಿನ ಮೇಲೆ ಇಟ್ಟು, ಕೊನೆಯವರೆಗೆ ನಿಧಾನವಾಗಿ ಎಳೆದಳು.

“ಇಷ್ಟುದ್ದ ಅವ್ರಿಗೆ ಬರೀತಿದ್ದೆ. ಇದ್ರಾಗೆ ಗಂಡಸ್ರಿಗೇ ಅನ್ನೋದು ಏನೈತೆ?”

ನಾನು ಓದಿದೆ. ಮೂವತ್ತೆಂಟು ವರ್ಷದ ಅನುಭವವನ್ನೆಲ್ಲ ಸೇರಿಸಿ ಹುಡುಕಿದೆ. “ಮಹಾರಾಜಶ್ರೀ ಅನ್ನೋದು... ಹೆಂಗಸರಿಗೆ ಹಾಕಿದ್ದು ನಾನು ನೋಡಿಲ್ಲ. ಬೇಕಾದ್ರೆ ಮಹಾರಾಣಿ ಅಂತ...”

“ರಾಣಿ ಗೀಣಿ ಬ್ಯಾಡ ಕಣ್ಲಾ, ನಾಟಕ್ದೋಳು ಅಂತಾರೆ. ಅವ್ರಿಗೆ ಏನ್ ಹಾಕ್ತಿದ್ಯೋ ಅದ್ನೇ ಹಾಕು. ಒಂದಕ್ಸರ ಕಮ್ಮಿ ಮಾಡ್ಬ್ಯಾಡ.”

“ಸಾವುಕಾರ್ ಅನ್ನೋದು?”

ಅಕ್ಕ ಕಾಯಿಯ ರಾಶಿಯ ಕಡೆ ತಿರುಗಿದಳು. “ಲೇ ಸಿದ್ದಮ್ಮ, ಈಗ ಈ ಅಟ್ಟ ನೋಡ್ಕಳೋದು ಯಾರೇ?”

“ನೀವೇ ಕಣಮ್ಮಾರೇ.”

“ಮಾಲಿಗೆ ದರ ಹೇಳೋದು?”

“ನೀವೇಯ. ಬಂದೋರು ದರ ಕೇಳಿ ಬೆವೆತ್ಕಂಡ್ ಹೋಯ್ತಾರೆ.”

“ಕೇಳುಸ್ತೇನ್ಲಾ?” ಎಂದಳು ಅಕ್ಕ ನನಗೆ.

ಚಾಪೆಯ ಮೇಲೆ ಸರಿಯಾಗಿ ಕೂತೆ. ಅಕ್ಕ ಒಳಗಿನಿಂದ ಅರಿಶಿನ ತಂದು ನಾಲ್ಕು ಮೂಲೆಗೆ ತಾನೇ ಹಚ್ಚಿಕೊಟ್ಟಳು. ಆರುವವರೆಗೆ ಕಾದೆವು. ಕೈಗೆ ಈ ದಾರಿ ಹೊಸದು. ಆದರೂ ಬರೆದೆ, ನನ್ನ ಬದುಕಿನ ಅತ್ಯುತ್ತಮ ಅಕ್ಷರಗಳಲ್ಲಿ: ‘ಶ್ರೀಮತ್ ಸಕಲಗುಣ ಸಂಪನ್ನರಾದ, ಮಹಾರಾಜಶ್ರೀ, ಸಾವುಕಾರ್ ಗಿರಿಜಮ್ಮನವರಿಗೆ.’

ಶಾಸ್ತ್ರ ಬಲ್ಲವರು ತಪ್ಪು ಎನ್ನಬಹುದು. ಅನ್ನಲಿ. ಬರೆದುಕೊಟ್ಟವನು ನಾನು, ಬರೆಸಿಕೊಂಡವಳು ಅವಳು, ಸಾಕ್ಷಿಗೆ ಸಿದ್ದಮ್ಮ ಇದ್ದಾಳೆ.

ಅಕ್ಕ ಕವರನ್ನು ಎರಡು ಕೈಯಲ್ಲಿ ಹಿಡಿದು ದೂರಕ್ಕೆ, ಹತ್ತಿರಕ್ಕೆ ಮಾಡಿ ಓದಿದಳು. ತುಟಿ ಅಲ್ಲಾಡುತ್ತಿತ್ತು. ತನ್ನ ಹೆಸರಿಗೆ ಬಂದಾಗ ನಿಂತು, ಮತ್ತೆ ಮೊದಲಿನಿಂದ ಶುರುಮಾಡಿದಳು. ಆಮೇಲೆ ಹಳೆಯ ಕವರಿನಿಂದ ಪತ್ರಿಕೆಯನ್ನು ಬಿಡಿಸಿ ಹೊಸದರೊಳಗೆ ಸೇರಿಸಿದಳು. ಭಾವನ ಹೆಸರಿದ್ದ ಖಾಲಿ ಕವರನ್ನು ಮಡಚದೆ ದೇವರ ಗೂಡಿನಲ್ಲಿಟ್ಟು ಬಂದಳು. ಬಂದು ಕೂತು, ಹೊಸ ಕವರಿನಿಂದ ಪತ್ರಿಕೆಯನ್ನು ಈಗಷ್ಟೇ ಬಂತೆಂಬಂತೆ ಹೊರತೆಗೆದು ಮುಹೂರ್ತ ನೋಡಿದಳು.

“ಬತ್ತೀನಿ ಅಂತ ಹೇಳು ಮಗೀಗೆ.”

“ಮಂಡಿ ನೋವು?”

“ಐತೆ. ಅದ್ಕೇಯ ಬಸ್ನಾಗೆ ಬರಕಿಲ್ಲ. ಕಾರು ಕಳ್ಸು. ಇಷ್ಟುದ್ದ ಹೆಸ್ರು ಮಡಿಕ್ಕಂಡು ಬಸ್ನಾಗೆ ಕಂಬಿ ಹಿಡ್ಕಂಡು ನಿಂತ್ಕಳಕಾಯ್ತದೇನ್ಲಾ?”

ಕಾರು ಕಳಿಸಿದೆವು. ಮುಂದಿನ ಸೀಟಿನಲ್ಲಿ ಕೂತು ಬಂದಳು. ಇಳಿಯುವಾಗ ರಶ್ಮಿ ಮದುವಣಗಿತ್ತಿಯ ಸೀರೆಯಲ್ಲೇ ಛತ್ರದ ಬಾಗಿಲಿಗೆ ಓಡಿ ಬಂದು, ಯಾರನ್ನೂ ಕೇಳದೆ, ಕುಂಕುಮದ ಭರಣಿಯನ್ನು ಮೊದಲು ಅವಳ ಮುಂದೆ ಹಿಡಿದಳು.